ಗಂಟೆ ಬಾರಿಸಿದ ಸಂಜೆ

೧೯೪೮ರ ಮಾರ್ಚ್ ೯, ಮಂಗಳವಾರ. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಈಡಿತ್ ಚಿವರ್ಸ್ ಠಾಣೆಗೆ ಬಂದು ಇನ್ಸ್‌ಪೆಕ್ಟರ್ ಕಾಟಲ್ ಅವರ ಮೇಜಿನ ಮೇಲೆ ಒಂದು ಜೇಬುಗಡಿಯಾರ ಇಟ್ಟಳು.

“ನನ್ನ ಗಂಡ ರೂಬೆನ್‌ದು ಸಾರ್. ಇವತ್ತು ಬಾಗಿಲಲ್ಲಿದ್ದ ಕಲ್ಲಿದ್ದಲ ಮೂಟೇಲಿ ಸಿಕ್ತು.”

ಮೊಲ ಹಿಡಿದು ಮಾರುತ್ತಿದ್ದ ರೂಬೆನ್ ೧೯೪೦ರ ಸೆಪ್ಟೆಂಬರ್ ಏಳರಂದು ಕಾಣೆಯಾಗಿದ್ದ. ಯಾರನ್ನೋ ಕಟ್ಟಿಕೊಂಡು ಓಡಿಹೋದ ಎಂದು ಇಂಗ್ಲೆಂಡಿನ ಸಾಮರ್‌ಸೆಟ್‌ನ ಆ ಗಣಿಹಳ್ಳಿ ಅಂದೇ ತೀರ್ಪು ಕೊಟ್ಟಿತ್ತು.

“ಮೂಟೆ ಇಟ್ಟೋರು ಯಾರು?”

“ಗೊತ್ತಿಲ್ಲ. ಪ್ರತಿ ಚಳಿಗಾಲ ಬರುತ್ತೆ. ಯಾರೋ ಪುಣ್ಯಾತ್ಮರು ಅಂದ್ಕೊಂಡಿದ್ದೆ.”

ದೂರು ದಾಖಲಾಯಿತು. ಗಣಿ ಕೆಲಸಗಾರರಿಗೆ ಮನೆಗೆ ಕಲ್ಲಿದ್ದಲು ಸಿಗುತ್ತಿತ್ತು. ಯಾರೋ ತಮ್ಮ ಪಾಲನ್ನೇ ಕೊಡುತ್ತಿರಬೇಕು. ಕಾಟಲ್ ಮತ್ತು ಕಾನ್‌ಸ್ಟೇಬಲ್ ಹಿಲ್ಲಿಯರ್ ದಿಬ್ಬ ಹತ್ತಿ ಊರಿನ ಚಿಮಣಿಗಳನ್ನು ನೋಡಿದರು.

“ಅಗೋ ಸಾರ್, ಕೊನೇ ಮನೆ. ಈ ಚಳೀಲೂ ಹೊಗೆ ಇಲ್ಲ. ಜೇಬೆಜ್ ಪ್ಯಾಡ್‌ಫೀಲ್ಡ್‌ದು. ಗಣೀಲಿ ಸಿಡಿಮದ್ದು ಇಡೋನು. ಚರ್ಚಿನ ಗಂಟೆ ಬಾರಿಸಿದ್ರೆ ಕಿವಿ ಮುಚ್ಕೋತಾನೆ ಅಂತ ಹೆಂಗಸ್ರೆಲ್ಲ ನಗ್ತಾರೆ.”

ಪ್ಯಾಡ್‌ಫೀಲ್ಡ್ ಮನೆಯೊಳಗೂ ಓವರ್‌ಕೋಟ್ ಹಾಕಿಕೊಂಡಿದ್ದ. ಗಡಿಯಾರ ಕಂಡದ್ದೇ ಕುಳಿತುಬಿಟ್ಟ.

“ರೂಬೆನ್ ಎಲ್ಲಿ?”

“ಹೇಳೋ ಹಾಗಿಲ್ಲ ಸಾರ್. ಗುಟ್ಟು ಬಿಡಲ್ಲ ಅಂತ ಸರ್ಕಾರಕ್ಕೆ ಸಹಿ ಹಾಕಿಕೊಟ್ಟಿದ್ದೀನಿ.”

“ಮತ್ತೆ ಗಡಿಯಾರ ಯಾಕೆ ಇಟ್ಟೆ?”

“ಮೊನ್ನೆ ಅಂಗಡೀಲಿ ಈಡಿತ್ ಮುಖಕ್ಕೇ ಅಂದ್ರು, ಗಂಡನ್ನ ಉಳಿಸ್ಕೊಳ್ಳೋಕೆ ಬರ್ದೇ ಇರೋಳು ಅಂತ. ಅವಳು ಬ್ರೆಡ್ ತಗೊಂಡು ಸುಮ್ನೆ ಹೋದ್ಳು.” ಅವನು ಟೋಪಿ ಕೈಗೆತ್ತಿಕೊಂಡ. “ಬನ್ನಿ, ತೋರಿಸ್ತೀನಿ.”

ಮಧ್ಯಾಹ್ನ ಎರಡು ಹತ್ತು. ಕಾಡಿನಲ್ಲಿ ಪಾಳುಬಿದ್ದ ಗಣಿಯ ಸುರಂಗ. ಒಣಗಿದ ಜರಿಗಿಡ ಸರಿಸಿದರೆ ಮರದ ಮುಚ್ಚಳ, ಕೆಳಗೆ ಏಣಿ. ಒಳಗೆ ಆರು ಮಂಚ, ತುಕ್ಕು ಹಿಡಿದ ಪೆಟ್ಟಿಗೆಗಳು. ಯುದ್ಧದಲ್ಲಿ ಜರ್ಮನ್ನರು ದಂಡೆತ್ತಿ ಬಂದರೆ ಪ್ಯಾಡ್‌ಫೀಲ್ಡ್ ಸೇರಿ ಊರಿನ ಆರು ಜನ ಇಲ್ಲಿ ಅಡಗಿದ್ದು ಹಿಂದಿನಿಂದ ಹೊಡೆಯಬೇಕಿತ್ತು. ಅವರ ಹೆಂಡಿರಿಗೂ ಇದು ತಿಳಿದಿರಲಿಲ್ಲ. ತುದಿಯಲ್ಲಿದ್ದ ಕಲ್ಲುರಾಶಿಯ ಕೆಳಗೆ ಮೂಳೆಗಳು ಸಿಕ್ಕವು. ಇಬ್ಬರು ಸಾಕ್ಷಿಗಳ ಮುಂದೆ ಪಂಚನಾಮೆ ನಡೆಯಿತು.

“ಈ ಮುಚ್ಚಳ ರೂಬೆನ್ ಕಣ್ಣಿಗೆ ಬಿದ್ದಿತ್ತು,” ಎಂದ ಪ್ಯಾಡ್‌ಫೀಲ್ಡ್. “ಶತ್ರು ಬಂದ ದಿನ ಗುಟ್ಟು ಗೊತ್ತಿರೋ ಹೊರಗಿನೋರು ಉಳೀಬಾರ್ದು ಅಂತ ಸೈನ್ಯದ ಆಜ್ಞೆ. ಅವನನ್ನ ಯಾರು ಮುಗಿಸ್ಬೇಕು ಅಂತ ಚೀಟಿ ಎತ್ತಿದ್ವಿ, ನನಗೆ ಬಂತು. ಶತ್ರು ಇಳಿದ್ರೆ ಮಾತ್ರ ಚರ್ಚಿನ ಗಂಟೆ ಬಾರಿಸ್ಬೇಕಿತ್ತು. ಆ ಸಂಜೆ ಬಾರಿಸಿಬಿಟ್ರು. ಸುಳ್ಳು ಸುದ್ದಿ ಅಂತ ಬೆಳಿಗ್ಗೆ ಗೊತ್ತಾಯ್ತು ಸಾರ್. ಬೆಳಿಗ್ಗೆ.”

ಬರೆದುಕೊಳ್ಳುತ್ತಿದ್ದ ಕಾಟಲ್ ಅವರ ಕೈ ನಿಂತಿತು.

ನಾಲ್ಕು ನಲವತ್ತಕ್ಕೆ ಠಾಣೆಯಲ್ಲಿ ಬಂಧನ ದಾಖಲಾಯಿತು. ಬೆಂಚಿನ ಮೇಲೆ ಕಾದಿದ್ದ ಈಡಿತ್ ಎದ್ದು ಪ್ಯಾಡ್‌ಫೀಲ್ಡ್‌ಗೆ ಅಡ್ಡ ನಿಂತಳು. ಹಿಲ್ಲಿಯರ್ ತಡೆಯಹೋದ. ಕಾಟಲ್ ಬೇಡವೆಂದು ತಲೆಯಾಡಿಸಿದರು.

“ಅವನು ಅಲ್ಲಿಗೆ ಯಾಕೆ ಬಂದಿದ್ದ, ಜೇಬೆಜ್?”

ಪ್ಯಾಡ್‌ಫೀಲ್ಡ್ ನೆಲ ನೋಡಿದ. “ಗಂಟೆ ಕೇಳಿ ಓಡಿ ಬಂದ. ಕೈಯಲ್ಲಿ ಮೊಲ ಹೊಡೆಯೋ ಬಂದೂಕು. ‘ನನ್ನೂ ಸೇರಿಸ್ಕೊಳ್ರೋ’ ಅಂದ.”

ಈಡಿತ್ ಇಷ್ಟು ವರ್ಷಗಳಲ್ಲಿ ಮೊದಲ ಸಲ ಗಂಡನಿಗಾಗಿ ಗಟ್ಟಿಯಾಗಿ ಅತ್ತಳು.

ಕಾಟಲ್ ಒಳಗೆ ಹೋಗಿ ವರದಿ ಬರೆದರು. ಕೊಲೆಗೆ ಕಾರಣ, ಆಜ್ಞೆ. ಆಮೇಲೆ ಸಾಕ್ಷಿಗಳ ಪಟ್ಟಿಗೆ ಇನ್ನೊಂದು ಸಾಲು ಸೇರಿಸಿದರು: ಫೋನಿನಲ್ಲಿ ಬಂದ ಸುದ್ದಿ ನಂಬಿ ಅಂದು ಗಂಟೆ ಬಾರಿಸಲು ಹೇಳಿದವರು, ಆಗಿನ ಸಾರ್ಜೆಂಟ್ ವಿಲ್ಫ್ರೆಡ್ ಕಾಟಲ್.