ಓರೆ ಅಕ್ಷರದ ದೊಡ್ಡಮ್ಮ

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಗೆ ಬಂದ ಹೆಂಗಸು, ಯಾರೂ ಕುರ್ಚಿ ತೋರಿಸುವ ಮೊದಲೇ ಕುಳಿತುಕೊಂಡರು. ವಯಸ್ಸು ಎಪ್ಪತ್ತರ ಹತ್ತಿರ. ಹೆಗಲಿಗೆ ಬಟ್ಟೆಯ ಚೀಲ, ಮೂಗಿನ ತುದಿಯಲ್ಲಿ ಕನ್ನಡಕ. ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಗಣಿತದ ಮೇಡಂ ಎಂದ ಕೂಡಲೇ ಇನ್‌ಸ್ಪೆಕ್ಟರ್ ಅವರ ಬೆನ್ನು ತಾನಾಗಿ ನೆಟ್ಟಗಾಯಿತು. ಶಾಲೆ ಬಿಟ್ಟು ಎಷ್ಟು ವರ್ಷವಾದರೂ ಕೆಲವು ಭಯಗಳು ಮನುಷ್ಯನನ್ನು ಬಿಡುವುದಿಲ್ಲ.

"ಏನು ಕಳುವಾಗಿದೆ ಮೇಡಂ?"

"ಒಂದು ಸಾಧನೆ."

ದೂರು ಬರೆದುಕೊಳ್ಳುತ್ತಿದ್ದ ಮುಖ್ಯ ಪೇದೆ, ಠಾಣೆಯವರೆಲ್ಲ ರೈಟರಮ್ಮ ಎಂದು ಕರೆಯುವವರು, ಪೆನ್ನು ನಿಲ್ಲಿಸಿದರು. "ಅಂದ್ರೆ ಪದಕ, ಶೀಲ್ಡು, ಆ ಥರದ್ದಾ?"

"ಅಲ್ಲ. ಪ್ರಮೇಯದ ಸಾಧನೆ. ಶಾಲೇಲಿ ಓದಿಲ್ವಾ? ಒಂದು ಮಾತು ನಿಜ ಅಂತ ಹೆಜ್ಜೆ ಹೆಜ್ಜೆಯಾಗಿ ತೋರಿಸೋದು. ಹನ್ನೊಂದು ವರ್ಷ ಕೂತು ಮಾಡಿದ್ದು. ಈ ಶನಿವಾರ ಗಣಿತ ಪರಿಷತ್ತಿನಲ್ಲಿ ಅದನ್ನ ಮಂಡಿಸಬೇಕಿತ್ತು. ಎಲ್ಲ ಇದ್ದದ್ದು ನನ್ನ ಲ್ಯಾಪ್‌ಟಾಪಲ್ಲಿ."

"ಬೇರೆ ಕಡೆ ಪ್ರತಿ?"

"ಒಂದು ಪೆನ್‌ಡ್ರೈವಲ್ಲಿ ಇತ್ತು. ಅದೂ ಲ್ಯಾಪ್‌ಟಾಪಿನ ಚೀಲದಲ್ಲೇ, ಎಲ್ಲ ಒಟ್ಟಿಗೆ ಹೋಯ್ತು."

ದೊಡ್ಡ ದೊಡ್ಡ ಬುದ್ಧಿವಂತರು ಮನೆಯ ಬೀಗದ ಕೈಯನ್ನು ಕಾಲೊರಸಿನ ಕೆಳಗಿಟ್ಟು ಹೋಗುವುದನ್ನು ಇನ್‌ಸ್ಪೆಕ್ಟರ್ ಸೇವೆಯುದ್ದಕ್ಕೂ ನೋಡಿದ್ದರು. ಮೇಡಂ ಆ ಕಂಪ್ಯೂಟರನ್ನು ಇಂಟರ್ನೆಟ್ಟಿಗೂ ಜೋಡಿಸುತ್ತಿರಲಿಲ್ಲವಂತೆ. ಯಾರಾದರೂ ಕದ್ದಾರೆಂಬ ಭಯ. ಕಾಗದಕ್ಕೂ ಇಳಿಸಿರಲಿಲ್ಲ. ಪೂರ್ತಿ ಒಪ್ಪವಾಗದೆ ಮುದ್ರಿಸಬಾರದೆಂಬ ಹಟ.

"ಮನೆಗೆ ಹೊರಗಿನವರು ಯಾರು ಬರ್ತಾರೆ?"

"ಹೊರಗಿನವರು ಯಾರೂ ಬರಲ್ಲ."

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಇನ್‌ಸ್ಪೆಕ್ಟರ್, ರೈಟರಮ್ಮ ಮತ್ತು ಮೀಸೆ ಎಂಬ ಅಡ್ಡಹೆಸರಿನ ಪೇದೆ ಮೇಡಂ ಮನೆಗೆ ಹೋಗಿ ಪಂಚನಾಮೆ ಮಾಡಿದರು. ಎರಡನೇ ಮಹಡಿಯ ಚಿಕ್ಕ ಮನೆ. ಬೀಗ ಒಡೆದಿರಲಿಲ್ಲ, ಕಿಟಕಿ ಬಗ್ಗಿರಲಿಲ್ಲ. ಭಾನುವಾರ ಸಂಜೆ ಮೇಡಂ ವಾಕಿಂಗ್ ಹೋಗಿದ್ದ ಹೊತ್ತಿನಲ್ಲಿ ಯಾರೋ ಬಾಗಿಲು ತೆರೆದು ಬಂದು, ಲ್ಯಾಪ್‌ಟಾಪನ್ನು ಚೀಲ ಸಮೇತ ತೆಗೆದುಕೊಂಡು, ಮತ್ತೆ ಬಾಗಿಲು ಹಾಕಿಕೊಂಡು ಹೋಗಿದ್ದರು. ಕಪಾಟಿನಲ್ಲಿದ್ದ ಬಳೆ, ಗೋಡೆಯ ಗಡಿಯಾರ, ಟಿವಿ ಯಾವುದನ್ನೂ ಮುಟ್ಟಿರಲಿಲ್ಲ.

"ಸಾರ್, ಇಲ್ಲಿ ನೋಡಿ," ಎಂದ ಮೀಸೆ. ಮೇಜಿನ ಮೇಲೆ ಮೇಡಂ ಅವರ ಇನ್ನೊಂದು ಕನ್ನಡಕ, ಓದಲು ಇಟ್ಟುಕೊಂಡದ್ದು, ಮಡಚಿ, ಕರವಸ್ತ್ರದ ಮೇಲೆ ಇಟ್ಟಿತ್ತು.

"ನೀವು ಹೀಗೆ ಇಡ್ತೀರಾ ಮೇಡಂ?"

"ಇಲ್ಲ. ಲ್ಯಾಪ್‌ಟಾಪ್ ಮೇಲೇ ಎಸೆದು ಹೋಗ್ತೀನಿ."

"ಎಂಥ ಮರ್ಯಾದಸ್ಥ ಕಳ್ಳ!" ಎಂದ ಮೀಸೆ. ಇನ್‌ಸ್ಪೆಕ್ಟರ್ ನಗಲಿಲ್ಲ. ಆ ಮಾತನ್ನು ಪಂಚನಾಮೆಯಲ್ಲಿ ಸೇರಿಸದಿದ್ದರೂ ಮನಸ್ಸಿನಲ್ಲಿ ಇಟ್ಟುಕೊಂಡರು.

ಎರಡು ದಿನ ಹಳೇ ಲ್ಯಾಪ್‌ಟಾಪ್ ಮಾರುವ ಅಂಗಡಿಗಳನ್ನೆಲ್ಲ ಜಾಲಾಡಿದ್ದಾಯಿತು. ಏನೂ ಸಿಗಲಿಲ್ಲ. ಬುಧವಾರ ಬೆಳಿಗ್ಗೆ ಮೇಡಂ ಒಂದು ಹಾಳೆ ಹಿಡಿದುಕೊಂಡು ಬಂದರು. ಬಾಗಿಲಿನ ಸಂದಿಯಿಂದ ಯಾರೋ ತೂರಿಸಿದ್ದರಂತೆ. ಸಹಿ ಇಲ್ಲ.

"ನಿಮ್ಮ ಕಂಪ್ಯೂಟರ್ ಕ್ಷೇಮವಾಗಿದೆ. ದಯವಿಟ್ಟು ಶನಿವಾರದ ಉಪನ್ಯಾಸ ಮುಂದೂಡಿ. ನಲವತ್ತೊಂದನೇ ಪುಟದ ಹೆಜ್ಜೆ ನಿಲ್ಲುವುದಿಲ್ಲ." ಅದರ ಕೆಳಗೆ ಒಂದು ಉದ್ದನೆಯ ಗಣಿತದ ಸಾಲು. ಸಾಲಿನ ನಡುವೆ, ಚಿಹ್ನೆಗಳ ಮಧ್ಯೆ ಸಿಕ್ಕಿಕೊಂಡು, ಇಂಗ್ಲಿಷ್ ಅಕ್ಷರದಲ್ಲಿ ಓರೆಯಾಗಿ ಒಂದು ಪದ: ದೊಡ್ಡಮ್ಮ.

"ಸಾರ್, ಸುಳಿವು ಸಿಕ್ತು," ಎಂದ ಮೀಸೆ. "ಕಳ್ಳನಿಗೆ ಒಬ್ಬ ದೊಡ್ಡಮ್ಮ ಇದ್ದಾರೆ."

"ನಿನಗೂ ಇದ್ದಾರೆ, ನನಗೂ ಇದ್ದಾರೆ. ಎಲ್ಲರನ್ನೂ ಒಳಗೆ ಹಾಕೋಣ್ವಾ?" ಎಂದರು ಇನ್‌ಸ್ಪೆಕ್ಟರ್.

ರೈಟರಮ್ಮ ಮಾತ್ರ ಹಾಳೆಯನ್ನು ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದರು. ದಿನಾಂಕ ಬಲಕ್ಕೆ ತಕ್ಕ ಜಾಗದಲ್ಲಿ ಕುಳಿತಿತ್ತು. ಸಾಲುಗಳ ಎರಡೂ ಅಂಚು ನೂಲು ಹಿಡಿದಂತೆ ಸಮ. "ಇದು ನಮ್ಮ ಕಂಪ್ಯೂಟರಲ್ಲಿ ಬರೋ ಥರದ ಕಾಗದ ಅಲ್ಲ ಸಾರ್. ಒಳ್ಳೇ ಪುಸ್ತಕದ ಹಾಳೆ ಇದ್ದಂಗಿದೆ. ಮೇಡಂ, ಇದನ್ನ ಹೇಗೆ ಮಾಡ್ತಾರೆ?"

ಮೇಡಂ ಕುರ್ಚಿಯನ್ನು ಠಾಣೆಯ ಕಂಪ್ಯೂಟರಿನ ಮುಂದೆ ಎಳೆದುಕೊಂಡು ಒಂದು ಜಾಲತಾಣ ತೆರೆದರು. ಪರದೆ ಎರಡು ಭಾಗವಾಯಿತು. "ಎಡಗಡೆ ನಾವು ಬರೆಯೋದು, ಬಲಗಡೆ ಅದು ಕಾಣೋದು. ಇಲ್ಲಿ ಅಂದಚಂದ ಏನೂ ಮಾಡಂಗಿಲ್ಲ. ಏನು ಬೇಕು ಅಂತ ಅಪ್ಪಣೆ ಕೊಟ್ರೆ ಸಾಕು. ಈ ಕೀಲಿ ನೋಡಿ, ಎಡಕ್ಕೆ ವಾಲಿದ ಗೀಟು. ಇದನ್ನ ಹಾಕಿ ಮುಂದೆ ಬರೆದ ಪದ ಅಪ್ಪಣೆ ಆಗುತ್ತೆ."

"ಹತ್ತು ವರ್ಷದಿಂದ ಈ ಕೀಲಿ ಮೇಲಿನ ಧೂಳು ಒರೆಸಿದ್ದು ಬಿಟ್ರೆ ನಾನು ಇನ್ನೇನೂ ಮಾಡಿಲ್ಲ," ಎಂದರು ರೈಟರಮ್ಮ.

ಮೇಡಂ ಗೀಟು ಹಾಕಿದರು, ಒಂದು ಪದ ಬರೆದರು, ಬಳುಕು ಕಂಸ ತೆರೆದು ಮುಚ್ಚಿದರು. ಎಡಗಡೆ ನೋಡಿದರೆ ಬೆಕ್ಕು ಕೀಲಿಗಳ ಮೇಲೆ ನಡೆದುಹೋದ ಹಾಗಿತ್ತು. ಗುಂಡಿ ಒತ್ತಿದರು. ಬಲಗಡೆ ಬಿಳಿ ಹಾಳೆಯ ಮೇಲೆ ಒಂದು ಸಮೀಕರಣ ಮೂಡಿತು. ಭಿನ್ನರಾಶಿಯ ಗೆರೆ ಬೇಕಾದಷ್ಟೇ ಉದ್ದ, ವರ್ಗಮೂಲದ ಚಿಹ್ನೆ ಒಳಗಿನ ಸಂಖ್ಯೆಗಳನ್ನೆಲ್ಲ ಕೊಡೆಯಡಿ ಸೇರಿಸಿಕೊಂಡಿತ್ತು, ಘಾತದ ಪುಟ್ಟ ಅಂಕಿ ತನ್ನ ಮೂಲೆಯಲ್ಲಿ ಅಚ್ಚುಕಟ್ಟಾಗಿ ಕುಳಿತಿತ್ತು. ಮೂವರೂ ಬಾಯಿ ಬಿಟ್ಟುಕೊಂಡು ನಿಂತರು. ಕಳ್ಳರ ಫೋಟೊ, ಅಪಘಾತದ ಚಿತ್ರ, ಬೆರಳಚ್ಚು ಬಿಟ್ಟರೆ ಆ ಪರದೆ ಬೇರೇನನ್ನೂ ತೋರಿಸಿದ್ದಿಲ್ಲ. ಇನ್‌ಸ್ಪೆಕ್ಟರಿಗೆ ಅದರಲ್ಲಿ ಒಂದಕ್ಷರವೂ ಅರ್ಥವಾಗಲಿಲ್ಲ, ಆದರೂ ಮೈ ಜುಮ್ಮೆಂದಿತು. ಇದನ್ನು ಇಷ್ಟು ಸುಂದರವಾಗಿ ಮೊದಲೇ ತೋರಿಸಿದ್ದರೆ ತಾನು ಗಣಿತಕ್ಕೆ ಅಷ್ಟು ಹೆದರುತ್ತಿರಲಿಲ್ಲ ಎಂದುಕೊಂಡರು.

"ಇನ್ನೊಂದ್ಸಲ ಮಾಡಿ ಮೇಡಂ," ಎಂದ ಮೀಸೆ ಮೆತ್ತಗೆ.

ಮೇಡಂ ಇನ್ನೊಂದು ಸಲ ಮಾಡಿದರು. ಈ ಸಲ ಬೇಕೆಂದೇ ಗೀಟು ಬಿಟ್ಟರು. ಬಲಗಡೆ ಚಿಹ್ನೆಯ ಬದಲು ಪದವೇ ಓರೆಯಾಗಿ ಬಂದು ಬಿದ್ದುಕೊಂಡಿತು.

"ಟೋಪಿ ಹಾಕ್ಕೊಳ್ದೇ ಇರೋ ಪೊಲೀಸಿನ ಹಾಗೆ," ಎಂದ ಮೀಸೆ. "ಯಾರೂ ಮಾತು ಕೇಳಲ್ಲ."

"ಸರಿಯಾಗಿ ಹೇಳ್ದೆ. ಗೀಟು ಇಲ್ಲದಿದ್ರೆ ಯಂತ್ರ ಅದನ್ನ ಬರೀ ಅಕ್ಷರಗಳ ಗುಣಾಕಾರ ಅಂದ್ಕೊಳ್ಳುತ್ತೆ. ಈ ಕಾಗದ ಬರೆದೋನು ಎಂಟು ಅಕ್ಷರ ಗುಣಿಸಿ ಕೂತಿದ್ದಾನೆ."

"ದೊಡ್ಡಮ್ಮ ಅನ್ನೋದು ಒಂದು ಅಪ್ಪಣೆನಾ?" ಎಂದರು ಇನ್‌ಸ್ಪೆಕ್ಟರ್.

"ನಾನೇ ಮಾಡಿಕೊಂಡ ಅಪ್ಪಣೆ. ಪದೇಪದೇ ಬರೋ ಚಿಹ್ನೆಗೆ ನಮಗೆ ಬೇಕಾದ ಹೆಸರು ಇಟ್ಕೋಬಹುದು. ದೊಡ್ಡ ಮೊತ್ತದ ಚಿಹ್ನೆಗೆ ದೊಡ್ಡಮ್ಮ ಅಂತ ಹೆಸರು. ಅದರಲ್ಲೇನು ಬಂತು? ನನ್ನ ಕಂಪ್ಯೂಟರ್ ಅವನ ಹತ್ರಾನೇ ಇದೆ. ನೋಡಿ ಕಾಪಿ ಹೊಡೆದಿದ್ದಾನೆ. ಯಾರೋ ಹೊಟ್ಟೆಕಿಚ್ಚಿನವನು. ನಲವತ್ತೊಂದನೇ ಪುಟ ಸರಿಯಾಗೇ ಇದೆ."

ಇನ್‌ಸ್ಪೆಕ್ಟರ್ ಹಾಳೆಯನ್ನು ಮತ್ತೆ ಕೈಗೆತ್ತಿಕೊಂಡರು. ಗಣಿತ ಅವರಿಗೆ ಗೊತ್ತಿರಲಿಲ್ಲ, ಆದರೆ ತಪ್ಪು ಮಾಡುವವರನ್ನು ಬಲ್ಲರು. ರೈಟರಮ್ಮ ಮೊದಲು ಪಂಚನಾಮೆ ಎಂಬ ಪದವನ್ನು ಒಂದೊಂದೇ ಅಕ್ಷರ ಹುಡುಕಿ ಹೊಡೆಯುತ್ತಿದ್ದಾಗ ಒಂದು ತಪ್ಪೂ ಬರುತ್ತಿರಲಿಲ್ಲ. ಈಗ ಕಣ್ಣು ಮುಚ್ಚಿ ಹೊಡೆಯುತ್ತಾರೆ, ವಾರಕ್ಕೊಮ್ಮೆಯಾದರೂ 'ಪಂಚನಾಮ' ಆಗಿರುತ್ತದೆ, ಅವರಿಗೆ ಅದು ಕಾಣುವುದೂ ಇಲ್ಲ.

"ನೋಡಿ ಬರೆಯೋನು ಗೀಟನ್ನೂ ನೋಡಿಯೇ ಬರೀತಾನೆ ಮೇಡಂ. ಇದು ಕೈಗೆ ರೂಢಿಯಾದ ಪದ. ಕಾಗದ ಮುಗಿಸಿ ಓದಿದಾಗಲೂ ಕಣ್ಣಿಗೆ ಬಿದ್ದಿಲ್ಲ. ಹೇಳಿ, ನಿಮ್ಮನ್ನು ಬಿಟ್ಟು ಈ ಪದವನ್ನ ಇನ್ಯಾರು ಹೊಡೀತಾರೆ?"

ಮೇಡಂ ಹಾಳೆಯನ್ನು ಅವರ ಕೈಯಿಂದ ತೆಗೆದುಕೊಂಡು ಆ ಪದವನ್ನು ಮತ್ತೆ ಓದಿದರು.

"ಚಿಹ್ನೆಗೆ ಆ ಹೆಸರಿಟ್ಟಿದ್ದು ಯಾರು?"

"ಅವಳಿಗಾಗ ನಾಲ್ಕು ವರ್ಷ," ಎಂದರು ಮೇಡಂ. ದನಿ ಇಳಿದಿತ್ತು. "ನನ್ನ ತಂಗಿ ಮಗಳು. ತೊಡೆ ಮೇಲೆ ಕೂತು ಪರದೆ ನೋಡೋಳು. ಈ ದೊಡ್ಡದು ದೊಡ್ಡಮ್ಮ, ಆ ಚಿಕ್ಕದು ಅಮ್ಮ ಅಂದ್ಳು. ಹಾಗೇ ಉಳೀತು."

"ಮನೆಗೆ ಯಾರೂ ಬರಲ್ಲ ಅಂದ್ರಿ."

"ಹೊರಗಿನವರು ಯಾರೂ ಬರಲ್ಲ ಅಂದೆ. ಅವಳು ಹೊರಗಿನವಳಾ? ಭಾನುವಾರ ಬಂದು ನಾನು ಬಾಯಲ್ಲಿ ಹೇಳಿದ್ದನ್ನ ಟೈಪ್ ಮಾಡ್ತಾಳೆ. ಅವಳ ಹತ್ರ ಮನೆ ಬೀಗದ ಕೈ ಇದೆ."

ಪ್ರಶ್ನೆ ಕೇಳುವಾಗ 'ಹೊರಗಿನವರು' ಎಂದು ಪದ ತಪ್ಪಿದ್ದು ತಾನೇ ಎಂದು ಇನ್‌ಸ್ಪೆಕ್ಟರ್ ಒಪ್ಪಿಕೊಳ್ಳಬೇಕಾಯಿತು.

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಅವರು ಆ ಹುಡುಗಿ ಕೆಲಸ ಮಾಡುವ ಕಾಲೇಜಿಗೆ ಹೋದರು. ತಂಗಿ ಮಗಳೂ ಗಣಿತದ ಉಪನ್ಯಾಸಕಿಯೇ. ಸಿಬ್ಬಂದಿ ಕೊಠಡಿಯಲ್ಲಿ ಒಬ್ಬಳೇ ಇದ್ದಳು. ಖಾಕಿ ಕಂಡ ಕೂಡಲೇ ಎದ್ದು, ಯಾರೂ ಕೇಳದೆಯೇ ಕಪಾಟಿನ ಬಾಗಿಲು ತೆಗೆದಳು. ಒಳಗೆ ಚೀಲ, ಚೀಲದೊಳಗೆ ದಪ್ಪ ಟವೆಲಿನಲ್ಲಿ ಸುತ್ತಿದ ಲ್ಯಾಪ್‌ಟಾಪ್, ಪೆನ್‌ಡ್ರೈವ್. ಸಹೋದ್ಯೋಗಿಗಳಿಬ್ಬರನ್ನು ಪಂಚರನ್ನಾಗಿ ಕರೆದು ಜಪ್ತಿ ಮಾಡಲಾಯಿತು.

"ಯಾಕೆ ತಗೊಂಡು ಬಂದ್ರಿ?"

"ಶನಿವಾರ ಆಗಬಾರದಿತ್ತು."

"ನಿಮ್ಮ ಹೆಸರಲ್ಲಿ ಹಾಕ್ಕೊಳ್ಳೋಕಾ?"

ಅವಳು ಕೆನ್ನೆಗೆ ಹೊಡೆಸಿಕೊಂಡವಳ ಹಾಗೆ ನೋಡಿದಳು. "ಅದು ತಪ್ಪು ಸಾರ್. ತಪ್ಪಾಗಿರೋದನ್ನ ಯಾರು ಹೆಸರಿಗೆ ಹಾಕ್ಕೋತಾರೆ? ಮೊದಲು ಕೂಡಿಸಿ ಆಮೇಲೆ ಹಿಗ್ಗಿಸಬೇಕಾದ್ದನ್ನ, ಮೊದಲು ಹಿಗ್ಗಿಸಿ ಆಮೇಲೆ ಕೂಡಿಸಿದ್ದಾರೆ."

"ನಮಗೆ ಅರ್ಥ ಆಗೋ ಹಾಗೆ ಹೇಳಿ."

"ಕಾಲುಚೀಲ ಹಾಕಿ ಬೂಟು ಹಾಕ್ಬೇಕು. ಬೂಟು ಹಾಕಿ ಕಾಲುಚೀಲ ಹಾಕಿದ್ರೆ ನಡೆಯೋಕೆ ಆಗಲ್ಲ. ಟೈಪ್ ಮಾಡ್ತಾ ಕಣ್ಣಿಗೆ ಬಿತ್ತು. ಸರಿ ಮಾಡೋಕಾಗುತ್ತಾ ಅಂತ ಮೂರು ದಿನ ಗುದ್ದಾಡಿದೆ. ಆಗಲಿಲ್ಲ."

"ಹೇಳಬಹುದಿತ್ತಲ್ಲ?"

"ದೊಡ್ಡಮ್ಮಂಗಾ?" ಅವಳು ನಕ್ಕಳೋ ಅತ್ತಳೋ ತಿಳಿಯಲಿಲ್ಲ. "ಹಿಂದೊಂದ್ಸಲ ಬೇರೆ ತಪ್ಪಿಗೆ ಬಾಯಿ ಬಿಟ್ಟೆ. ನೀನು ಗೀಟು ನೋಡ್ಕೋ, ಗಣಿತ ನಾನು ನೋಡ್ಕೋತೀನಿ ಅಂದ್ರು."

ಠಾಣೆಗೆ ಬರುವಷ್ಟರಲ್ಲಿ ಮೇಡಂ ಅಲ್ಲಿ ಕುಳಿತಿದ್ದರು. ಲ್ಯಾಪ್‌ಟಾಪನ್ನು ನೋಡಲಿಲ್ಲ, ತಂಗಿ ಮಗಳನ್ನೇ ನೋಡಿದರು. "ಏನೇ ಇದು?"

"ನಲವತ್ತೊಂದನೇ ಪುಟ ದೊಡ್ಡಮ್ಮ."

"ತೋರಿಸು."

ಲ್ಯಾಪ್‌ಟಾಪ್ ಈಗ ಜಪ್ತಿಯಾದ ಮಾಲು, ನ್ಯಾಯಾಲಯದ ಅಪ್ಪಣೆಯಿಲ್ಲದೆ ತೆರೆಯುವಂತಿಲ್ಲ. ರೈಟರಮ್ಮ ಗೋಡೆಯ ಮೇಲಿನ ಡ್ಯೂಟಿ ಬೋರ್ಡನ್ನು ಒರೆಸಿ ಪೆನ್ನು ಕೊಟ್ಟರು. ಆ ವಾರದ ಬೀಟು ಯಾರದ್ದೆಂಬುದು ಅಳಿಸಿಹೋಯಿತು, ಯಾರೂ ಆಕ್ಷೇಪಿಸಲಿಲ್ಲ. ಹುಡುಗಿ ಬರೆಯತೊಡಗಿದಳು. ಬೋರ್ಡಿನ ಮೇಲೆ ಯಂತ್ರದ ಅಚ್ಚುಕಟ್ಟು ಇರಲಿಲ್ಲ. ಗೆರೆ ಸೊಟ್ಟ, ಅಕ್ಷರ ಏರುಪೇರು.

"ಅಂದ್ರೆ?" ಎಂದರು ಮೇಡಂ. ಅವಳು ವಿವರಿಸಿದಳು.

"ಅಂದ್ರೆ?" ಅವಳು ಒಂದು ಉದಾಹರಣೆ ಬರೆದಳು. ಮೇಡಂ ಹೇಳುವ ನಿಯಮಗಳನ್ನೆಲ್ಲ ಅದು ಪಾಲಿಸುತ್ತಿತ್ತು, ಕೊನೆಗೆ ಮಾತ್ರ ಅವರು ಹೇಳಿದ ಕಡೆಗೆ ಹೋಗುತ್ತಿರಲಿಲ್ಲ.

ಮೂರನೆಯ ಸಲ ಮೇಡಂ ಏನೂ ಕೇಳಲಿಲ್ಲ. ಎದ್ದು ಬೋರ್ಡಿನ ಹತ್ತಿರ ಹೋದರು. ಮೂಗು ತಾಗುವಷ್ಟು ಹತ್ತಿರ ನಿಂತು ಮೇಲಿನಿಂದ ಕೆಳಗೆ ಓದಿದರು, ಮತ್ತೆ ಮೇಲಿನಿಂದ ಓದಿದರು. ಹೊರಗೆ ಜೀಪು ಬಂದು ನಿಂತಿತು, ಫೋನು ಒಮ್ಮೆ ಬಡಿದು ಸುಮ್ಮನಾಯಿತು. ಹನ್ನೊಂದು ವರ್ಷ ಆ ಬೋರ್ಡಿನ ಮುಂದೆ ನಿಂತಿದೆ ಎಂಬುದಂತೂ ಎಲ್ಲರಿಗೂ ತಿಳಿದಿತ್ತು.

"ಎಷ್ಟು ಚೆನ್ನಾಗಿದೆ," ಎಂದರು ಮೇಡಂ.

ಆಮೇಲೆ ಚೀಲದಿಂದ ಫೋನು ತೆಗೆದರು. "ಪರಿಷತ್ತಾ? ಕಾರ್ಯದರ್ಶಿಗಳಿಗೆ ಕೊಡಿ. ಶನಿವಾರ ನಾನು ಬರ್ತೀನಿ, ಸಾಧನೆ ಬರಲ್ಲ. ತಪ್ಪು ಮಾಡಿದ್ದೀನಿ. ಹ್ಞಾಂ, ನಾನೇ. ಇಲ್ಲ ಇಲ್ಲ, ಕಂಪ್ಯೂಟರ್ ಸಿಕ್ಕಿದೆ, ಅದರ ಜೊತೆ ತಪ್ಪೂ ಸಿಕ್ಕಿದೆ. ಕಂಡುಹಿಡಿದವಳು ನನ್ನ ತಂಗಿ ಮಗಳು. ನನ್ನ ಹೊತ್ತನ್ನ ಅವಳಿಗೆ ಕೊಡಿ. ಅದು ಯಾಕೆ ನಿಲ್ಲಲ್ಲ ಅಂತ ಅವಳು ಹೇಳ್ತಾಳೆ. ನಾನು ಮೊದಲನೇ ಸಾಲಲ್ಲಿ ಕೂತು ಕೇಳ್ತೀನಿ."

ಇನ್‌ಸ್ಪೆಕ್ಟರ್ ಎಷ್ಟೋ ತಪ್ಪೊಪ್ಪಿಗೆ ಕೇಳಿದ್ದರು. ಎಲ್ಲವೂ ಗಂಟಲಿನಿಂದ ಎಳೆದು ತೆಗೆದವು. ಫಿರ್ಯಾದಿಯೇ ಎದ್ದು ನಿಂತು, ಯಾರೂ ಕೇಳದೆ, ತಪ್ಪು ನನ್ನದು ಎಂದದ್ದು ಆ ಠಾಣೆಯಲ್ಲಿ ಅದೇ ಮೊದಲು. ಅವರಿಗೆ ಸೆಲ್ಯೂಟ್ ಹೊಡೆಯಬೇಕೆನ್ನಿಸಿತು. ಹೊಡೆಯಲಿಲ್ಲ, ಆದರೆ ಕುರ್ಚಿಯಿಂದ ಎದ್ದು ನಿಂತರು.

ಕಾನೂನು ತನ್ನ ಕೆಲಸ ಮಾಡಿತು. ಹನ್ನೆರಡೂ ನಲವತ್ತಕ್ಕೆ ಬಂಧನ ದಾಖಲಾಯಿತು. ಮಧ್ಯಾಹ್ನ ನ್ಯಾಯಾಲಯಕ್ಕೆ ಹಾಜರುಪಡಿಸಿದಾಗ ಆರೋಪಿಗೆ ಜಾಮೀನು ನಿಂತವರು ಫಿರ್ಯಾದಿ. ಮ್ಯಾಜಿಸ್ಟ್ರೇಟರು ಕಡತವನ್ನು ಎರಡು ಸಲ ತಿರುವಿ ಹಾಕಿದರು, ಹೆಸರುಗಳು ಅದಲುಬದಲಾಗಿಲ್ಲವಷ್ಟೆ ಎಂದು ಕೇಳಿದರು.

ಸಂಜೆ ರೈಟರಮ್ಮ ವರದಿ ಸಿದ್ಧಪಡಿಸಲು ಕುಳಿತರು. "ಸಾರ್, ಕೃತ್ಯದ ಉದ್ದೇಶ ಏನು ಅಂತ ಹಾಕ್ಲಿ?"

ಇನ್‌ಸ್ಪೆಕ್ಟರ್ ನಿಧಾನವಾಗಿ ಹೇಳಿ ಬರೆಸಿದರು: "ಆರೋಪಿಗೆ ಫಿರ್ಯಾದಿಯ ಎದುರು ಬಾಯಿ ಬಿಡಲು ಹೆದರಿಕೆಯಿತ್ತು. ಫಿರ್ಯಾದಿಯು ನಾಲ್ಕು ಜನರ ಎದುರು ತಲೆ ತಗ್ಗಿಸುವುದನ್ನು ನೋಡಲು ಅದಕ್ಕಿಂತ ಹೆಚ್ಚು ಹೆದರಿಕೆಯಿತ್ತು."