ಹಿಂದಕ್ಕೆ ಹೋಗದ ಕಾರು

ಕಾರು ಇರಲಿಲ್ಲ.

ಪಂಚಶೀಲಾ ಹೊಸ್ತಿಲಲ್ಲೇ ನಿಂತುಬಿಟ್ಟಳು. ಓಣಿಯ ಕೊನೆಯ ಗೋಡೆಗೆ ಮೂತಿ ಹಚ್ಚಿ ನಿಲ್ಲುತ್ತಿದ್ದ ಕೆಂಪು ಫಿಯಾಟ್ ಪುಂಟೋ ಕಾರಿನ ಜಾಗದಲ್ಲಿ ಎಣ್ಣೆಯ ಕಲೆಯಷ್ಟೇ ಉಳಿದಿತ್ತು. ಬೆನ್ನ ಹಿಂದೆ ಅವ್ವ ಪುತಳಾಬಾಯಿ ಕೋಲೂರಿ, ಕಲಬುರಗಿಯ ಆಸ್ಪತ್ರೆಗೆ ಹೊರಡಲು ತಯಾರಾಗಿ ನಿಂತಿದ್ದಳು.

ಓಣಿಯ ಬಾಯಲ್ಲಿ ಹೊರಸು ಹಾಕಿ ಮಲಗುವ ರೇವಮ್ಮ ಎದ್ದು ಕೂತು ಕಣ್ಣು ತಿಕ್ಕುತ್ತಿದ್ದಳು.

"ಇವತ್ತ ಯಾರು ದಬ್ಬಿದ್ರವ್ವಾ? ನಮ್ಮನ್ನ ಕರೀಲೇ ಇಲ್ಲಲ್ಲ."

ಕೇಳಬೇಕಾದ ಪ್ರಶ್ನೆಯೇ. ಏಕೆಂದರೆ ಆ ಕಾರು ಹಿಂದಕ್ಕೆ ಹೋಗುತ್ತಿರಲಿಲ್ಲ. ಮುಂದಕ್ಕೆ ಮಾತ್ರ ಕುದುರೆಯ ಹಾಗೆ ಓಡುತ್ತಿತ್ತು. ರಿವರ್ಸ್ ಗೇರು ಬೀಳುತ್ತಿರಲಿಲ್ಲ. ಓಣಿಯಲ್ಲಿ ತಿರುಗಿಸಲು ಜಾಗವಿಲ್ಲ. ಹೀಗಾಗಿ ದಿನಾ ಮುಂಜಾನೆ ಕಮಲಾಪುರದ ಆ ಓಣಿ ಒಂದಾಗಿ, ಬಾನೆಟ್ಟಿಗೆ ಕೈಹಚ್ಚಿ, ಕಾರನ್ನು ರಸ್ತೆಯತನಕ ಹಿಂದಕ್ಕೆ ದಬ್ಬುತ್ತಿತ್ತು. ಪಂಚಶೀಲಾಳ ತಮ್ಮ ಜೈಭೀಮ ಮುಂದಾಳು. ನಗು, ಬೈಗಳು, ಆಮೇಲೆ ಎಲ್ಲರಿಗೂ ಚಹಾ.

ಕಾರು ಕೊಂಡದ್ದು ಅವ್ವನ ಸಲುವಾಗಿ. ಸೊಂಟ ಮುರಿದ ಮೇಲೆ ಆಕೆಗೆ ಬಸ್ಸು ಹತ್ತಲಾಗುತ್ತಿರಲಿಲ್ಲ. ಪಂಚಶೀಲಾ ಸರ್ಕಾರಿ ಆಸ್ಪತ್ರೆಯ ನರ್ಸು. ಅವಳ ಕೈಗೆ ನಿಲುಕಿದ್ದು ಇದೊಂದೇ. ಕಲಬುರಗಿಯ ಸ್ಟೇಶನ್ ಬಜಾರಿನ ಹಿಂದೆ ಹಳೇ ಗಾಡಿ ಮಾರುವ ಕಲ್ಯಾಣಪ್ಪ, ಬಾಯಿ ತುಂಬ ಸಕ್ಕರೆ ಇಟ್ಟುಕೊಂಡವನು, ರಸ್ತೆಗೆ ಮುಖ ಮಾಡಿ ನಿಲ್ಲಿಸಿ, ಮುಂದಕ್ಕೆ ಮಾತ್ರ ಓಡಿಸಿ ತೋರಿಸಿ, ಚಾವಿ ಕೊಟ್ಟಿದ್ದ. ಇನ್ನೊಂದು ಚಾವಿ ಕಳೆದಿದೆ ಎಂದಿದ್ದ. ಮನೆಗೆ ಬಂದ ಮೇಲೆ ರಿವರ್ಸಿನ ವಿಷಯ ಗೊತ್ತಾಗಿ ಫೋನು ಮಾಡಿದರೆ, "ಇಟಲಿ ಗಾಡಿರೀ ಅಕ್ಕಾರ, ಕಂಪನಿ ಇಲ್ಲಿ ಮಾರೂದು ನಿಲ್ಲಿಸ್ಯಾದ. ಆ ಗೇರ್ ಹೋದ್ರ ಹೋತು. ಬ್ಯಾಡಾದ್ರ ಅರ್ಧ ರೇಟಿಗೆ ನಾನ ವಾಪಸ್ ತೊಗೋತೀನಿ" ಅಂದಿದ್ದ. ಆಮೇಲೂ ಮೇಲಿಂದ ಮೇಲೆ ಕೇಳಿದ್ದ. ಊರಿನ ಮೆಕ್ಯಾನಿಕ್‌ಗಳು ಗುರುತಿಲ್ಲದ ಗಾಡಿ ಎಂದು ಕೈ ಹಚ್ಚಲಿಲ್ಲ. ಪಂಚಶೀಲಾಳಿಗೆ ಮೈ ಉರಿದಿತ್ತು. "ನಮ್ಮ ಕಾರು, ನಾವ ದಬ್ಕೋತೀವಿ" ಎಂದು ಫೋನು ಕುಕ್ಕಿದ್ದಳು.

*

ಪಿಎಸ್ಐ ಮಾಳಿಂಗರಾಯ ಬಂದರು. ಮನೆಯೊಳಗೆ ಮೊಳೆಗೆ ತೂಗುಬಿಟ್ಟ ಚಾವಿ ನೋಡಿದರು. ಬಾಗಿಲು ಒಡೆದಿರಲಿಲ್ಲ.

"ಮನ್ಯಾಗ ಯಾರ್ಯಾರು ಇರ್ತೀರಿ?"

"ನಾನು, ಅವ್ವ, ತಮ್ಮ ಜೈಭೀಮ."

"ಎಲ್ಲಿ ಅಂವ?"

"ಬೆಳಕ ಹರಿಯೂಕಿಂತ ಮೊದಲ ಗೆಳೆಯನ ಮೋಟರ್‌ಸೈಕಲ್ ಮ್ಯಾಗ ಮಹಾಗಾಂವಕ್ಕ ಹೋಗ್ಯಾನ್ರಿ. ಟೆಂಪೋ ಹೊಡೀಲಾಕ."

ಮಾಳಿಂಗರಾಯ ರೇವಮ್ಮನ ಕಡೆ ತಿರುಗಿದರು. "ಆಯಿ, ಏನರೆ ನೋಡಿದ್ಯಾ?"

"ಜೈಭೀಮ ಹೋದ ಮ್ಯಾಲ ಮತ್ತ ನಿದ್ದಿ ಹತ್ತಿತ್ತು. ಆಮ್ಯಾಲ ಕಣ್ಣಿಗಿ ಬೆಳಕ ಬಿತ್ತು. ಒಂದ ಲೈಟು, ಬೆಳ್ಳಗ. ಮೋಟರ್‌ಸೈಕಲ್ ಅಂದ್ಕೊಂಡು ಮಗ್ಗಲು ಹೊಳ್ಳಿದೆ."

ಮಾಳಿಂಗರಾಯರಿಗೆ ಅಷ್ಟು ಸಾಕಾಯಿತು. ಚಾವಿ ಮನೆಯೊಳಗಿನದು. ಮೋಟರ್‌ಸೈಕಲ್ ಗೆಳೆಯನದು. ಹೋದವರು ಹೊರಳಿ ಬಂದು ಕಾರು ಸಾಗಿಸಿದ್ದಾರೆ. ಮಧ್ಯಾಹ್ನ ಜೈಭೀಮ ಮಹಾಗಾಂವದಿಂದ ಬಂದು ಇಳಿದದ್ದೇ ತಡ, ಇಡೀ ಓಣಿಯ ಎದುರಿಗೆ ಕೊರಳಪಟ್ಟಿ ಹಿಡಿದು ಜೀಪಿಗೆ ಹತ್ತಿಸಿದರು.

"ಅಕ್ಕಾ, ನಾ ಏನೂ ಮಾಡಿಲ್ಲ" ಎಂದಷ್ಟೇ ಅವನು ಹೇಳಿದ. ಬಸ್ ಚಾಲಕನ ಕೆಲಸಕ್ಕೆ ಆಯ್ಕೆಯಾಗಿ, ಆದೇಶದ ದಾರಿ ಕಾಯುತ್ತಿದ್ದ ಹುಡುಗ. ಕಳ್ಳತನದ ಕೇಸು ಬಿದ್ದರೆ ಆ ನೌಕರಿ ಮುಗಿದಂತೆ. ನಿನ್ನೆಯತನಕ ಅವನ ಜೊತೆ ಕಾರು ದಬ್ಬಿದವರೇ ಕಿಟಕಿ ಮುಚ್ಚಿಕೊಂಡರು. ಒಬ್ಬನಂತೂ "ನನಗ ಮೊದಲಾ ಗೊತ್ತಿತ್ತು" ಅಂದ. ಪಂಚಶೀಲಾಳಿಗೆ ಕಾರು ಹೋದದ್ದಕ್ಕಿಂತ ಆ ಮಾತಿಗೆ ರಕ್ತ ಕುದಿಯಿತು.

*

ಅಳುತ್ತ ಕೂಡುವ ಹೆಣ್ಣಲ್ಲ ಅವಳು. ನೇರ ಹೋಗಿ ರೇವಮ್ಮನ ಹೊರಸಿನ ಮೇಲೆ ಮಲಗಿದಳು.

"ಏನ ಮಾಡಾಕತ್ತೀ ಯವ್ವಾ?"

"ಆಯಿ, ನೀ ಹ್ಯಾಂಗ ಮಲಗಿದ್ದಿ? ತಲಿ ಯಾ ಕಡೆ?"

"ರಸ್ತಾದ ಕಡೆ ತಲಿ. ಗ್ವಾಡಿ ಕಡೆ ಕಾಲು."

ಪಂಚಶೀಲಾ ಹಾಗೆಯೇ ಮಲಗಿ ಕಣ್ಣು ಬಿಟ್ಟಳು. ಎದುರಿಗೆ ಓಣಿಯ ಕೊನೆಯ ಗೋಡೆ. ರಸ್ತೆ ಬೆನ್ನ ಹಿಂದೆ. ಮೋಟರ್‌ಸೈಕಲ್ ಬಂದಿದ್ದರೆ ಅದರ ಬೆಳಕು ತಲೆಯ ಹಿಂದಿನಿಂದ ಬರಬೇಕಿತ್ತು. ಆಯಿಯ ಕಣ್ಣಿಗೆ ಬಿದ್ದ ಬೆಳಕು ಗೋಡೆಯ ಕಡೆಯದು. ಆ ಕಡೆ ಇದ್ದದ್ದು ಕಾರೊಂದೇ. ಅದೂ ಇತ್ತ ಬೆನ್ನು ಮಾಡಿ.

ಕಾರಿನ ಹಿಂದಿನ ದೀಪಗಳು ಕೆಂಪು. ಬೆಳ್ಳಗೆ ಹೊತ್ತುವುದು ಒಂದೇ, ರಿವರ್ಸ್ ಗೇರು ಬಿದ್ದಾಗ ಹತ್ತುವ ದೀಪ. ಅವಳ ಕಾರಿಗೆ ಅದು ಒಂದೇ ಮಗ್ಗುಲಲ್ಲಿತ್ತು.

ಅವಳು ತಟ್ಟನೆ ಎದ್ದು ಕೂತಳು. ಕಾರು ಹಿಂದಕ್ಕೆ ಹೋಗಿದೆ. ತಾನೇ, ಯಾರೂ ದಬ್ಬದೆ. ಹಾಗಾದರೆ ಇಷ್ಟು ತಿಂಗಳು ಓಣಿಯ ಜನರನ್ನೆಲ್ಲ ಎತ್ತಿನ ಹಾಗೆ ದುಡಿಸಿದ ಆ ಗೇರು ಕೆಟ್ಟೇ ಇರಲಿಲ್ಲ.

*

"ಮುದುಕಿ ಅರೆನಿದ್ದಿ ಮಾತು ನಂಬ್ಕೊಂಡು ಬಂದೀರೇನ್ರಿ ಸಿಸ್ಟರ್?" ಠಾಣೆಯಲ್ಲಿ ಮಾಳಿಂಗರಾಯ ಆಕಳಿಸಿದರು.

"ನೀವೂ ಅದೇ ಮಾತು ನಂಬಿ ನನ್ನ ತಮ್ಮನ್ನ ಒಳಗ ಕೂಡ್ಸೀರಿ. ಅರ್ಧ ನಂಬ್ತೀರಿ, ಅರ್ಧ ಬಿಡ್ತೀರಿ?"

ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತರು.

"ರಿವರ್ಸ್ ಬೀಳ್ತದ ಅಂತ ಜೈಭೀಮಗ ಗೊತ್ತಿದ್ರ ದಿನಾ ಬೆವರು ಸುರಿಸಿ ಯಾಕ ದಬ್ತಿದ್ದ? ಓಣ್ಯಾಗ ಒಬ್ಬರಿಗೂ ಗೊತ್ತಿರ್ಲಿಲ್ಲ. ಬೀಳಂಗಿಲ್ಲ ಅಂತ ಹೇಳಿದಾಂವ ಒಬ್ಬನ ಅದಾನ, ಗಾಡಿ ಮಾರಿದ ಕಲ್ಯಾಣಪ್ಪ. ಕಾರ್ ವಾಪಸ್ ಕೊಡು ಅಂತ ಬೆನ್ನು ಹತ್ತಿದಾಂವನೂ ಅಂವನ. ಎರಡನೇ ಚಾವಿ ಕಳದದ ಅಂದಾಂವನೂ ಅಂವನ. ಬರ್ತೀರೋ, ಇಲ್ಲಾ ದೊಡ್ಡ ಸಾಹೇಬ್ರ ಕಡೆ ಹೋಗ್ಲೋ?"

ಮಾಳಿಂಗರಾಯ ಟೋಪಿ ತೆಗೆದುಕೊಂಡರು. ಜೈಭೀಮನನ್ನೂ ಜೀಪಿನಲ್ಲಿ ಕೂರಿಸಿಕೊಂಡರು.

*

ಕಲ್ಯಾಣಪ್ಪ ಚಹಾ ತರಿಸುತ್ತೇನೆ ಎಂದ. ಯಾರೂ ಕೂಡಲಿಲ್ಲ. ಅಂಗಡಿಯ ಹಿಂದಿನ ಷೆಡ್ಡಿನಲ್ಲಿ ತಾಡಪತ್ರಿ ಹೊದ್ದ ಒಂದು ಗಾಡಿ ಇತ್ತು. ಮಾಳಿಂಗರಾಯ ತಾವೇ ಎಳೆದರು. ಕೆಂಪು ಪುಂಟೋ. ನಂಬರ್ ಪ್ಲೇಟು ಬೇರೆ. ಚಾಸಿ ನಂಬರ್ ಮಾತ್ರ ಅದೇ.

ಕಲ್ಯಾಣಪ್ಪನ ಮುಖ ಒಂದು ಗಳಿಗೆ ಇಳಿಯಿತು. ಆಮೇಲೆ ಜೈಭೀಮನ ಕಡೆ ಕೈ ತೋರಿಸಿದ.

"ಇಂವನ ಮುಂಜಾನೆ ತಂದು ಮಾರ್ಯಾನ್ರಿ ಸಾಹೇಬ್ರ. ಅಕ್ಕ ಕಳಿಸ್ಯಾಳ ಅಂದ. ಇಂವನ ಷೆಡ್ಡಿನ್ಯಾಗ ನಿಲ್ಲಿಸಿ ಹೋದ. ಪ್ಲೇಟ್ ಅಷ್ಟ ನಾ ಬದಲಿ ಮಾಡೀನಿ, ಅದು ನನ್ನ ತಪ್ಪು."

ಎಂಥ ಧೈರ್ಯ. ಪಂಚಶೀಲಾಳಿಗೆ ಅವನ ಕಪಾಳಕ್ಕೆ ಬಾರಿಸಬೇಕೆನಿಸಿತು. ಹಲ್ಲು ಕಚ್ಚಿಕೊಂಡು ಕಾರನ್ನೇ ನೋಡಿದಳು. ಅದು ಗೋಡೆಗೆ ಬೆನ್ನು ಕೊಟ್ಟು, ಬಾಗಿಲಿಗೆ ಮುಖ ಮಾಡಿ ನಿಂತಿತ್ತು.

"ಸಾಹೇಬ್ರ, ಜೈಭೀಮಗ ಗಾಡಿ ಹೊರಗ ತಗೀಲಾಕ ಹೇಳ್ರಿ. ತಗದು, ಹ್ಯಾಂಗಿತ್ತೋ ಹಂಗ ಮತ್ತ ಒಳಗ ನಿಲ್ಲಿಸ್ಲಿ."

ಅವಳು ಮನೆಯಿಂದ ತಂದಿದ್ದ ಚಾವಿ ಕೊಟ್ಟಳು. ಜೈಭೀಮ ಹತ್ತಿದ. ಕಾರು ಸಲೀಸಾಗಿ ಅಂಗಳಕ್ಕೆ ಬಂತು. ಆಮೇಲೆ ರಿವರ್ಸಿಗೆ ಹಾಕಲು ನೋಡಿದ. ರಿವರ್ಸಿಗೆ ಎತ್ತಬೇಕಾದ, ಗೇರಿನ ಹಿಡಿಯ ಕೆಳಗಿನ ಉಂಗುರ ಎತ್ತಿ ಎಳೆದ, ತಳ್ಳಿದ. ಬೀಳಲಿಲ್ಲ. ಅವನು ಗೇರು ನ್ಯೂಟ್ರಲ್ ಮಾಡಿ ಇಳಿದು, ಮುಂದೆ ಬಂದು, ಬಾನೆಟ್ಟಿಗೆ ಎರಡೂ ಕೈ ಹಚ್ಚಿ, ದಬ್ಬಲು ಜನ ಬರಲಿ ಎಂದು ಕಾಯುತ್ತ ನಿಂತ.

ಮಾಳಿಂಗರಾಯ ಅವನನ್ನು ನೋಡಿದರು, ಆಮೇಲೆ ಕಾರು ಹಿಂದುಹಿಂದಾಗಿ ಹೊಕ್ಕಿದ್ದ ಷೆಡ್ಡನ್ನು ನೋಡಿದರು.

"ನಾವೂ ದಬ್ಬೇ ಒಳಗ ಹಾಕೇವ್ರಿ" ಎಂದ ಕಲ್ಯಾಣಪ್ಪ.

"ಈಗಷ್ಟ ಅಂವನ ನಿಲ್ಲಿಸ್ಯಾನ ಅಂದಿ" ಎಂದರು ಮಾಳಿಂಗರಾಯ.

ಪಂಚಶೀಲಾ ಡ್ರೈವರ್ ಸೀಟಿನಲ್ಲಿ ಕೂತು ಗೇರಿನ ಸುತ್ತಲಿನ ಚರ್ಮದ ಕವರು ಕಿತ್ತಳು. ಒಳಗೆ, ಉಂಗುರಕ್ಕೆ ಹೋಗಬೇಕಾದ ತಂತಿಯನ್ನು ಯಾರೋ ಬಿಚ್ಚಿ, ತುದಿಗೆ ಬೆರಳು ತೂರುವಷ್ಟು ಕುಣಿಕೆ ಹಾಕಿ ಮಡಚಿಟ್ಟಿದ್ದರು. ಅವಳು ಕುಣಿಕೆ ಎಳೆದು ಗೇರು ಸರಿಸಿದಳು. ಟಕ್ಕೆಂದು ಬಿತ್ತು. ಷೆಡ್ಡಿನ ಗೋಡೆಯ ಮೇಲೆ ಬೆಳ್ಳಗೆ ಒಂದೇ ಒಂದು ದೀಪದ ಬೆಳಕು ಬಿತ್ತು.

"ನೋಡ್ರಿ. ಇದು ಕೆಟ್ಟಿದ್ದಲ್ಲ, ಕೆಡಿಸಿದ್ದು. ಮಾರೂದು, ಕೊಂಡವರಿಗೆ ಸಾಕು ಸಾಕು ಮಾಡೂದು, ಅರ್ಧ ರೇಟಿಗೆ ವಾಪಸ್ ತೊಗೊಂಡು ತಂತಿ ಜೋಡಿಸಿ ಮತ್ತ ಮಾರೂದು. ಇದ ಇಂವನ ದಂಧೆ. ನಾ ವಾಪಸ್ ಕೊಡ್ಲಿಲ್ಲ. ಹಂಗಾಗಿ ಇಟ್ಕೊಂಡ ಚಾವಿ ತಂದು ಒಯ್ದ. ಓಣಿ ಏಳೂದ್ರಾಗ ಪಾರಾಗಬೇಕಂತ ಅವಸರದಾಗ ಕುಣಿಕಿ ಎಳದು ರಿವರ್ಸ್ ಹಾಕ್ಯಾನ. ನಾಕು ಮಂದಿ ಕರ್ಕೊಂಡು ಬಂದು ದಬ್ಬಿದ್ರ ನನ್ನ ತಮ್ಮ ಜೇಲಿಗೆ ಹೋಗ್ತಿದ್ದ."

ಕಲ್ಯಾಣಪ್ಪನ ಬಾಯಿಯ ಸಕ್ಕರೆ ಕರಗಿಹೋಗಿತ್ತು. ಮಾಳಿಂಗರಾಯ ಅವನ ಜೇಬು ತಡಕಿದಾಗ ಎರಡನೇ ಚಾವಿ ಸಿಕ್ಕಿತು. ಹೈದರಾಬಾದಿನ ಗಿರಾಕಿಯೊಬ್ಬ ಈ ಮಾದರಿಯೇ ಬೇಕೆಂದು ಸಂಜೆ ಬರುವವನಿದ್ದ ಎಂದು ಕೊನೆಗೆ ಒಪ್ಪಿಕೊಂಡ.

*

"ಆತಲ್ರಿ ಸಿಸ್ಟರ್. ತಮ್ಮನ್ನ ಕರ್ಕೊಂಡು ಹೋಗ್ರಿ. ಗಾಡಿ ಕೋರ್ಟಿನಿಂದ ಬಿಡಿಸ್ಕೊಳ್ರಿ" ಎಂದರು ಮಾಳಿಂಗರಾಯ.

"ನಾ ಕರ್ಕೊಂಡು ಹೋಗಂಗಿಲ್ಲ. ಓಣಿ ಮುಂದ ಕೊರಳಪಟ್ಟಿ ಹಿಡಿದು ಒಯ್ದೀರಿ. ಓಣಿ ಮುಂದ ತಂದು ಬಿಡ್ರಿ."

"ಅಕ್ಕಾ, ಇರ್ಲಿ ಬಿಡು" ಎಂದ ಜೈಭೀಮ.

"ನೀ ಸುಮ್ಮಿರು."

ಜೀಪು ಕಮಲಾಪುರದ ಓಣಿಯ ಬಾಯಲ್ಲಿ ನಿಂತಾಗ ಇನ್ನೂ ಬೆಳಕಿತ್ತು. ಕಿಟಕಿಗಳು ಒಂದೊಂದಾಗಿ ತೆರೆದವು. ಮಾಳಿಂಗರಾಯ ಇಳಿದು, ಗಂಟಲು ಸರಿಮಾಡಿಕೊಂಡು, ಕಾರು ಕದ್ದವನು ಸಿಕ್ಕಿದ್ದಾನೆ, ಜೈಭೀಮನದು ತಪ್ಪಿಲ್ಲ ಎಂದು ಗುಣಗುಟ್ಟಿ ಜೀಪಿನ ಕಡೆ ತಿರುಗಿದರು.

ಪಂಚಶೀಲಾ ಜೀಪಿನ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಕೊನಿ ಮನಿಯವರಿಗೆ ಕೇಳಿಲ್ರಿ ಸಾಹೇಬ್ರ. ಇನ್ನೊಮ್ಮೆ ಹೇಳ್ರಿ."

ಅವರು ಅವಳ ಮುಖ ನೋಡಿದರು. ಟೋಪಿ ತೆಗೆದರು. ಈ ಸಲ ಓಣಿಯ ಕೊನೆಯ ಗೋಡೆಗೆ ಮುಟ್ಟುವಂತೆ ಹೇಳಿದರು.