ಕೀಬೋರ್ಡಿನ ಕೆಳಗಿನ ವಿಭೂತಿ

ನಾನು ನಾಗಪುರದ ಸರ್ಕಾರಿ ಕಚೇರಿಯೊಂದರ ಗುಮಾಸ್ತ. ಕಥೆ ಕಟ್ಟುವ ಚಾಳಿ ನನಗಿಲ್ಲ. 2006ರಲ್ಲಿ ಹಳೆಯ ಲ್ಯಾಪ್‌ಟಾಪ್ ಒಂದನ್ನು ಕೊಂಡೆ. ದಸರೆಯಲ್ಲಿ ಆಯುಧಗಳನ್ನು ಪೂಜಿಸುವ ಖಂಡೇಪೂಜೆಯ ದಿನ ಹೆಂಡತಿ ಬಸವೇಶ್ವರಿ ಸ್ಕೂಟರಿಗೆ ಹಚ್ಚಿದಂತೆ ಅದರ ಮುಚ್ಚಳಕ್ಕೂ ಕೀಗಳಿಗೂ ನೀರಲ್ಲಿ ಕಲಸಿದ ವಿಭೂತಿ ಹಚ್ಚಿದಳು. ಮರುದಿನ ನಾಲ್ಕು ಕೀ ಒತ್ತಲೇ ಆಗಲಿಲ್ಲ.

ಇಬ್ಬರೂ ಅದನ್ನು ಧರಮಪೇಠದ ರಿಪೇರಿಯವನ ಬಳಿ ಒಯ್ದೆವು. ಅವನು ಚಾಲೂ ಮಾಡಿ ನೋಡಿ, ಬಂದ್ ಮಾಡಿ, ಕೀಬೋರ್ಡ್ ಎತ್ತಿದ. ಕೆಳಗಿನ ತಗಡಿನ ಮೇಲೆ ಬೆರಳಿನಿಂದ ಎಳೆದಂತೆ ಮೂರು ವಿಭೂತಿ ಗೆರೆಗಳಿದ್ದವು, ಇನ್ನೂ ಹಸಿ. ನಡುವಿನದು ಅರ್ಧಕ್ಕೇ ನಿಂತಿತ್ತು. ಮುಟ್ಟಿದರೆ ತಗಡು ಮಡಕೆಯ ನೀರಿನಂತೆ ತಣ್ಣಗಿತ್ತು.

"ಯೇ ಕಿಸನೇ ಲಗಾಯಾ, ಸಾಹೇಬ್?" ಯಾರು ಹಚ್ಚಿದ್ದೆಂದು ಹಿಂದಿಯಲ್ಲಿ ಕೇಳುತ್ತ ಅವನು ಒರಸುವ ಬಟ್ಟೆ ಕೈಗೆತ್ತಿಕೊಂಡ.

"ಒರಸಬ್ಯಾಡ ಅನ್ರಿ ಅವಗ," ಎಂದಳು ಬಸವೇಶ್ವರಿ. "ಯಾರೋ ಹಚ್ಚಾಕ ಹೋಗಿ ಅರ್ಧಕ್ಕ ಬಿಟ್ಟಾರ."

ಇದು ರಿಪೇರಿಯವನದೇ ಆಟವೆಂದು ನನಗೆ ಗುಮಾನಿ. ಗೆರೆಗಳನ್ನು ಹಾಗೇ ಬಿಡಿಸಿ, ಕೀ ಮಾತ್ರ ಸ್ವಚ್ಛ ಮಾಡಿಸಿ, ಮುಚ್ಚಿಸಿ, ಸ್ಕ್ರೂಗಳ ಮೇಲೆಲ್ಲ ನನ್ನ ಸಹಿಯ ಚೀಟಿ ಅಂಟಿಸಿದೆ. ಮುಂದಿನ ವರ್ಷ ಪೂಜೆಗೆ ಬರೀ ಹೂ ಇಟ್ಟೆವು.

ಆಮೇಲೆ ರ‍್ಯಾಮ್ ಹೆಚ್ಚಿಸಲು ಮತ್ತೆ ಅವನಲ್ಲಿಗೇ ಹೋದೆ. ಒಂದು ಚೀಟಿಯೂ ಅಲುಗಿರಲಿಲ್ಲ, ನಾನೇ ಹರಿದೆ. ಅವನು ಕೀಬೋರ್ಡ್ ಎತ್ತಿದ. ಮೇಲಿನ, ಕೆಳಗಿನ ಗೆರೆಗಳು ಒಣಗಿ ಬಿರುಕು ಬಿಟ್ಟಿದ್ದವು. ನಡುವಿನದು ಪೂರ್ತಿಯಾಗಿತ್ತು. ಅದರ ಹೊಸ ಅರ್ಧ ಇನ್ನೂ ಹಸಿಯಿತ್ತು.